ಕೇಳಿ, ಹೇಳುತ್ತೇವೆ: ಜಗಲಿಯ ಕುಳ್ಳ ಅತ್ತಿ ಮಳೆಗಾಲದಲ್ಲಿ ಎಲೆ ಉದುರಿಸಿದರೆ

ಈ ಸಂಚಿಕೆಯ ಪತ್ರಗಳು ಹೆಚ್ಚುಕಮ್ಮಿ ಒಂದೇ ಗಿಡದ ಸುತ್ತ ಇವೆ. ಫಿಡಲ್ ಲೀಫ್ ಫಿಗ್ ಎಂದು ನರ್ಸರಿಯವರು ಮಾರುವ, ಪಿಟೀಲಿನ ಆಕಾರದ ಎಲೆಯ ಅತ್ತಿ ಜಾತಿಯ ಗಿಡ. ಅದರಲ್ಲೂ ‘ಬ್ಯಾಂಬಿನೊ’ ಎಂಬ ಕುಳ್ಳ ತಳಿ. ದೊಡ್ಡ ತಳಿಯ ಎಲೆ ಒಂದೂವರೆ ಗೇಣು ಬೆಳೆದರೆ ಇದರದು ಒಂದು ಗೇಣು ದಾಟುವುದಿಲ್ಲ. ಗೆಣ್ಣುಗಳು ಒತ್ತೊತ್ತಾಗಿರುತ್ತವೆ, ಕುಂಡದಲ್ಲಿ ಮೂರು ನಾಲ್ಕು ಅಡಿಗೆ ಬೆಳವಣಿಗೆ ನಿಧಾನವಾಗುತ್ತದೆ. ಮೂಲ ಪಶ್ಚಿಮ ಆಫ್ರಿಕಾದ ತಗ್ಗು ಪ್ರದೇಶದ ಮಳೆಕಾಡು. ಮಳೆಕಾಡಿನ ಗಿಡ ಅಂದಮೇಲೆ ಮಲೆನಾಡಿಗೆ ಹೇಳಿ ಮಾಡಿಸಿದ್ದು ಎಂದುಕೊಂಡು ತಂದವರೇ ಹೆಚ್ಚು. ಆದರೆ ಅಲ್ಲಿ ಅದು ಮರವಾಗಿ ಬಿಸಿಲಿಗೆ ತಲೆಯೆತ್ತಿ ನಿಲ್ಲುತ್ತದೆ, ಇಲ್ಲಿ ಮಾಡಿನ ಕೆಳಗೆ ಮಬ್ಬಿನಲ್ಲಿ ಕೂರುತ್ತದೆ. ಬಂದ ದೂರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಪ್ರಶ್ನೆ: ಯುಗಾದಿ ಹೊತ್ತಿಗೆ ತಂದ ಗಿಡ. ಆರಿದ್ರಾ ಮಳೆಯವರೆಗೂ ಚೆನ್ನಾಗಿತ್ತು, ಹೊಸದಾಗಿ ನಾಲ್ಕು ಎಲೆ ಬಿಟ್ಟಿತ್ತು. ಪುಷ್ಯ ಮಳೆ ಹಿಡಿದ ಮೇಲೆ ಬುಡದ ಎಲೆಗಳಲ್ಲಿ ಕಡುಗಂದು ಕಲೆ ಬಂದು ವಾರಕ್ಕೆ ಎರಡರಂತೆ ಉದುರುತ್ತಿವೆ. ಬೆಳಿಗ್ಗೆ ತುಳಸಿಗೆ ಹಾಕುವಾಗ ಇದಕ್ಕೂ ಅರ್ಧ ಚೊಂಬು ನೀರು ತಪ್ಪದೆ ಹಾಕುತ್ತಿದ್ದೇನೆ. ಗೊಬ್ಬರ ಕಮ್ಮಿಯಾಯಿತೇ ಸರ್?
— ಓದುಗರು, ತೀರ್ಥಹಳ್ಳಿ

ಉತ್ತರ: ಗೊಬ್ಬರದ ತಪ್ಪಲ್ಲ ಅಮ್ಮ, ಆ ಅರ್ಧ ಚೊಂಬಿನದು. ಗಿಡ ನೀರು ಎಳೆಯುವುದು ಎಲೆಯಿಂದ ಆವಿ ಹೋದಷ್ಟಕ್ಕೆ ಮಾತ್ರ. ಪುಷ್ಯ ಮಳೆಯಲ್ಲಿ ಬಿಸಿಲಿಲ್ಲ, ಗಾಳಿಯೇ ಒದ್ದೆ. ಹಾಕಿದ ನೀರು ಕುಂಡದಲ್ಲೇ ಉಳಿದು ಮಣ್ಣಿನ ಸಂದಿನ ಗಾಳಿಯನ್ನೆಲ್ಲ ಹೊರದೂಡುತ್ತದೆ. ಉಸಿರು ಕಟ್ಟಿದ ಬೇರಿಗೆ ಪಿಥಿಯಂ, ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ರೋಗಾಣುಗಳು ಹತ್ತುತ್ತವೆ. ಎರಡನೆಯದು ನಿಮಗೆ ಗೊತ್ತಿರುವುದೇ, ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲದ್ದು.

ಮೊದಲು ನೀರು ನಿಲ್ಲಿಸಿ. ಆಮೇಲೆ ಗಿಡವನ್ನು ಕುಂಡದಿಂದ ಹೊರತೆಗೆದು ನೋಡಲೇಬೇಕು. ಕುಂಡವನ್ನು ಅಡ್ಡ ಮಲಗಿಸಿ, ಸುತ್ತ ಅಂಗೈಯಿಂದ ತಟ್ಟಿ, ಕಾಂಡದ ಬುಡ ಹಿಡಿದು ಮಣ್ಣಿನ ಉಂಡೆಯ ಸಮೇತ ಈಚೆಗೆ ಎಳೆಯಿರಿ. ಗಟ್ಟಿಯಾಗಿ, ಬಿಳಿ ಅಥವಾ ತಿಳಿಗಂದು ಬಣ್ಣಕ್ಕಿರುವುದು ಒಳ್ಳೆಯ ಬೇರು. ಕೊಳೆತ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿ: ಕಪ್ಪು ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಬೆರಳಲ್ಲಿ ಬಂದು, ಒಳಗಿನ ನೂಲಿನಂಥ ಎಳೆ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಕೊಚ್ಚೆಯ ವಾಸನೆಯೂ ಬರುತ್ತದೆ.

ಮೂರನೇ ಒಂದು ಪಾಲಿನವರೆಗೆ ಕೊಳೆತಿದ್ದರೆ ಗಿಡ ಉಳಿಯುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕೊಳೆತದ್ದನ್ನೆಲ್ಲ ಒಳ್ಳೆಯ ಭಾಗ ಸಿಗುವವರೆಗೆ ಕತ್ತರಿಸಿ. ಹಳೆಯ ಮಣ್ಣು ಪೂರ್ತಿ ಉದುರಿಸಿ ತೋಟಕ್ಕೆ ಎಸೆಯಿರಿ, ಇನ್ನೊಂದು ಕುಂಡಕ್ಕೆ ಬಳಸಬೇಡಿ. ಬೇರನ್ನು ನೆರಳಲ್ಲಿ ಒಂದು ಗಂಟೆ ಆರಲು ಬಿಟ್ಟು ಹೊಸ ಮಿಶ್ರಣದಲ್ಲಿ ನೆಡಿ. ಉಳಿದ ಬೇರಿಗೆ ಎಷ್ಟು ಬೇಕೋ ಅಷ್ಟೇ ಅಗಲದ ಕುಂಡ ಸಾಕು. ಎಂಟಿಂಚಿನದರಲ್ಲಿ ಇದ್ದದ್ದು ಆರಿಂಚಿಗೆ ಇಳಿದರೂ ಇಳಿಯಲಿ. ‘ದೊಡ್ಡ ಕುಂಡದಲ್ಲಿ ಹಾಯಾಗಿ ಬೆಳೆಯಲಿ’ ಅನ್ನುವ ಉದಾರತನವೇ ಎರಡನೇ ಸಲ ಕೊಲ್ಲುವುದು, ಬೇರು ತಲುಪದ ಮಣ್ಣು ಒಣಗುವುದೇ ಇಲ್ಲ.

ಎಂಟಿಂಚಿನ ಕುಂಡಕ್ಕೆ ಅರ್ಧ ಲೀಟರ್ ಮಗ್ಗಿನ ಅಳತೆಯಲ್ಲಿ ಮಿಶ್ರಣ ಹೀಗೆ: ಎರಡು ಸಲ ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿ ಮೂರು ಮಗ್ಗು, ದಪ್ಪ ಮರಳು ಎರಡು, ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಅಥವಾ ಕಡಲೆಕಾಳಿನಷ್ಟು ಪುಡಿಮಾಡಿದ ಇದ್ದಿಲು ಎರಡು, ಎರೆಗೊಬ್ಬರ ಒಂದು, ಕೆಂಪು ಮಣ್ಣು ಒಂದು. ಎರೆಗೊಬ್ಬರಕ್ಕೆ ಮೊದಲೇ ಕೆಜಿಗೆ 10 ಗ್ರಾಂ ಲೆಕ್ಕದಲ್ಲಿ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ ವಾರ ಕಾಲ ನೆರಳಲ್ಲಿ ತೇವವಾಗಿ ಇಟ್ಟಿದ್ದರೆ ಒಳ್ಳೆಯದು. ಅಡಿಕೆ ಸಿಪ್ಪೆ ಹಿತ್ತಿಲಲ್ಲಿ ರಾಶಿ ಬಿದ್ದಿದೆಯೆಂದು ಹಸಿಯದನ್ನು ತುಂಬಬೇಡಿ. ಅದು ಕಳಿಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೇ ತಿನ್ನುತ್ತದೆ. ಕಳಿತು ಕಪ್ಪಾಗಿ ಪುಡಿಯಾದದ್ದು ಆಗಬಹುದು.

ನೆಟ್ಟ ದಿನ ಒಂದು ಸಲ ನೀರು. ಮುಂದಿನದು ಮೇಲಿನ ಎರಡಿಂಚು ಒಣಗಿದ ಮೇಲೆ, ಅದು ಹದಿನೈದು ದಿನವಾದರೂ ಸರಿ. ಗೊಬ್ಬರ ದೀಪಾವಳಿ ಕಳೆಯುವವರೆಗೆ ಬೇಡ. ಉದುರಿದ ಎಲೆಯ ಜಾಗದಲ್ಲಿ ಮತ್ತೆ ಎಲೆ ಬರುವುದಿಲ್ಲ, ತುದಿಯಲ್ಲಿ ಬರುವ ಹೊಸ ಎಲೆ ಕಲೆಯಿಲ್ಲದೆ ಬಿಚ್ಚಿಕೊಂಡರೆ ಬೇರು ಹಿಡಿದಿದೆ ಎಂದು ಲೆಕ್ಕ.

ಪ್ರಶ್ನೆ: ತೋಟಕ್ಕೆ ಹೊಡೆದು ಮಿಕ್ಕ ಬೋರ್ಡೋ ದ್ರಾವಣ ಡ್ರಮ್ಮಿನಲ್ಲಿದೆ. ಎಲೆ ಕಲೆಗೆ ಅದನ್ನೇ ಹೊಡೆಯಬಹುದಾ?
— ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ಬೇಡ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮಾಡಿದ ದಿನವೇ ಖರ್ಚಾಗಬೇಕು, ನಿಂತದ್ದಕ್ಕೆ ಎಲೆಗೆ ಅಂಟುವ ಗುಣ ಹೋಗಿರುತ್ತದೆ. ಹೊಸದಾಗಿ ಮಾಡಿದರೂ ಬೇರಿನ ಕೊಳೆಗೆ ಎಲೆಯ ಮೇಲೆ ಹೊಡೆದು ಏನು ಪ್ರಯೋಜನ? ಎಲೆಯ ಮೇಲೆ ನೀಲಿಬಿಳಿ ಪೊರೆ ಕೂತು, ಮೊದಲೇ ಕಮ್ಮಿಯಿರುವ ಬೆಳಕಿಗೂ ಅಡ್ಡ ಬರುತ್ತದೆ.

ಪ್ರಶ್ನೆ: ನಮ್ಮದು ಹಳೆಯ ತೊಟ್ಟಿ ಮನೆ, ಹೆಂಚಿನ ಮಾಡು ತಗ್ಗು. ಒಳಗೆ ಹಗಲಲ್ಲೂ ಕತ್ತಲೆ. ದೇವರ ಕೋಣೆಯ ಪಕ್ಕದ ಮೂಲೆಯಲ್ಲಿಟ್ಟ ಗಿಡ ಆರು ತಿಂಗಳಿಂದ ಒಂದು ಎಲೆಯನ್ನೂ ಬಿಟ್ಟಿಲ್ಲ. ಅಂತರ್ಜಾಲದಲ್ಲಿ ದಕ್ಷಿಣದ ಕಿಟಕಿ ಒಳ್ಳೆಯದು ಅಂತಾರೆ. ಎಲ್ಲಿಡಲಿ?
— ಓದುಗರು, ಸಾಗರ

ಉತ್ತರ: ದಕ್ಷಿಣದ ಕಿಟಕಿಯ ಮಾತು ಯುರೋಪು, ಅಮೆರಿಕದವರಿಗೆ ಹೇಳಿದ್ದು. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ನಮ್ಮ ಶಿವಮೊಗ್ಗ ಜಿಲ್ಲೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಅಂದರೆ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಚಳಿಗಾಲದಲ್ಲಿ ಧಾರಾಳ, ಬೆಳಕು ಅಗತ್ಯವಿರುವ ಮಳೆಗಾಲದಲ್ಲಿ ಇಲ್ಲವೇ ಇಲ್ಲ. ನಮಗೆ ಪೂರ್ವದ ಕಿಟಕಿಯೇ ನಂಬಿಗಸ್ತ. ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ಎಲೆಗೆ ತಾಗಿದರೆ ಬಹಳ ಒಳ್ಳೆಯದು. ಕಿಟಕಿಯಿಂದ ಮೂರಡಿಗಿಂತ ದೂರ ಹೋಗಬಾರದು. ಪಶ್ಚಿಮದ್ದಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಹಳೆಯ ಪಂಚೆಯ ಪರದೆ ಬೇಕು, ಇಲ್ಲದಿದ್ದರೆ ಎಲೆ ಬೆಳ್ಳಗೆ ಸುಟ್ಟು ಕಾಗದದ ಹಾಗಾಗುತ್ತದೆ.

ತೊಟ್ಟಿ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇದೆ: ಒಳ ಅಂಗಳದ ಸುತ್ತಲಿನ ಜಗಲಿಯ ಅಂಚು. ಆಕಾಶ ನೇರ ಕಾಣಬೇಕು, ಸೂರಿನ ನೀರು ಮಾತ್ರ ಕುಂಡಕ್ಕೆ ಬೀಳಬಾರದು. ಸೂರುನೀರು ಬೀಳುವ ಗೆರೆಯಿಂದ ತುಸು ಒಳಗಿಡಿ. ಎರಚಲು ಹೊಡೆಯುವ ದಿನಗಳಲ್ಲಿ ಇನ್ನೊಂದು ಅಡಿ ಹಿಂದೆ ಸರಿಸಿದರೂ ಅಡ್ಡಿಯಿಲ್ಲ. ಅದಕ್ಕಿಂತ ದೂರ, ದಿನಕ್ಕೊಂದು ಕಡೆ ಓಡಾಡಿಸಬೇಡಿ. ಜಾಗ ಬದಲಾದಾಗಲೆಲ್ಲ ಎಲೆ ಉದುರಿಸುವುದು ಅತ್ತಿ ಕುಲದ ಹುಟ್ಟುಗುಣ.

ಗಾಜಿನ ಹೆಂಚಿನ ಕೆಳಗೆ ಇಡುವುದಾದರೆ ಒಂದೇ ಹೆಂಚು ಸಾಲದು, ಅಕ್ಕಪಕ್ಕ ಮೂರು ನಾಲ್ಕಾದರೂ ಬೇಕು. ಗಿಡವನ್ನು ನೆಲದ ಬದಲು ಎತ್ತರದ ಸ್ಟೂಲಿನ ಮೇಲಿಡಿ. ಮಳೆ ಶುರುವಾಗುವ ಮುಂಚೆ ಹೆಂಚಿನ ಪಾಚಿ, ತರಗೆಲೆ ತೆಗೆಸಿ. ಎರಡು ವರ್ಷ ತೊಳೆಯದ ಗಾಜಿನ ಹೆಂಚಿಗೂ ಮಣ್ಣಿನ ಹೆಂಚಿಗೂ ಹೆಚ್ಚು ವ್ಯತ್ಯಾಸ ಉಳಿದಿರುವುದಿಲ್ಲ.

ಬೆಳಕು ಸಾಕೇ ಎಂದು ನೋಡಲು ಯಂತ್ರ ಬೇಡ. ಮಧ್ಯಾಹ್ನ 12ಕ್ಕೆ ಗಿಡದ ಜಾಗದಲ್ಲಿ ಬಿಳಿ ಕಾಗದ ಹಾಸಿ ಅದರ ಒಂದಡಿ ಮೇಲೆ ಕೈ ಹಿಡಿಯಿರಿ. ಐದು ಬೆರಳೂ ಬೇರೆ ಬೇರೆಯಾಗಿ ನೆರಳಲ್ಲಿ ಕಂಡರೆ ಸಾಕು. ಮಸುಕಾದ ಒಂದು ಮುದ್ದೆ ಕಂಡರೆ ಗಿಡ ಬದುಕುತ್ತದೆ, ಬೆಳೆಯುವುದಿಲ್ಲ. ಏನೂ ಕಾಣದಿದ್ದರೆ ಅದು ದೇವರ ಮೂಲೆಗೇ ಸರಿ, ಗಿಡಕ್ಕಲ್ಲ.

ಬೇರೆ ದಾರಿಯಿಲ್ಲ ಅಂದರೆ ದೀಪ. 6500 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಬರೆದಿರುವ 20 ವಾಟಿನ ಬಿಳಿ ಎಲ್‌ಇಡಿ ಬಲ್ಬು, ತುದಿ ಎಲೆಯಿಂದ ಒಂದೂವರೆ ಅಡಿಯೊಳಗೆ, ದಿನಕ್ಕೆ 12 ಗಂಟೆ. ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ ಆಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಇದ್ದರೆ, ಅನ್ನಿ.

ಇನ್ನೊಂದು ಮಾತು. ಬಚ್ಚಲ ಒಲೆಯ ಹೊಗೆ ಸುಳಿಯುವ ಮನೆಯಲ್ಲಿ ಎಲೆಯ ಮೇಲೆ ಮಸಿಯ ತೆಳು ಪದರ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಎಲೆಯ ಅಡಿಗೆ ಒಂದು ಕೈ ಕೊಟ್ಟು ಒದ್ದೆ ಹತ್ತಿಬಟ್ಟೆಯಿಂದ ಒರೆಸಿ. ಹೊಳಪಿಗೆಂದು ತೆಂಗಿನೆಣ್ಣೆ, ಹಾಲು ಸವರಬೇಡಿ. ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ, ಹಾಲಿಗೆ ಇರುವೆ ಬರುತ್ತವೆ.

ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ ನೀರು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೊಬ್ಬರ ಯಾವುದು?
— ಓದುಗರು, ಶಿವಮೊಗ್ಗ

ಉತ್ತರ: ಒಬ್ಬೊಬ್ಬರ ಮನೆಯ ಬೆಳಕು ಒಂದೊಂದು ಥರ ಇರುವುದರಿಂದ ಹಾಗಾಗುತ್ತದೆ. ವಾರ ಎಣಿಸುವ ಬದಲು ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಯನ್ನು ಕುಂಡದ ಅಂಚಿನ ಹತ್ತಿರ ಮೂರಿಂಚು ಆಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಡಿ. ತೆಗೆದಾಗ ಕಡ್ಡಿ ಒದ್ದೆಯಾಗಿ ಮಣ್ಣಿನ ಕಣ ಅಂಟಿದ್ದರೆ ನೀರು ಬೇಡ. ತುದಿಯ ಒಂದಿಂಚು ಮಾತ್ರ ತಣ್ಣಗಿದ್ದರೆ ಹಾಕುವ ಹೊತ್ತು. ಹೀಗೆ ನೋಡುತ್ತ ಹೋದರೆ ಪೂರ್ವದ ಕಿಟಕಿಯಲ್ಲಿರುವ ಎಂಟಿಂಚಿನ ಕುಂಡಕ್ಕೆ ಶಿವಮೊಗ್ಗದ ಏಪ್ರಿಲ್‌ನಲ್ಲಿ ಐದಾರು ದಿನ, ಚಳಿಗಾಲದಲ್ಲಿ ಹತ್ತು ಹನ್ನೆರಡು, ಜೋರು ಮಳೆಯ ತಿಂಗಳುಗಳಲ್ಲಿ ಹದಿನೈದರಿಂದ ಇಪ್ಪತ್ತು ದಿನದ ಅಂತರ ಬರುತ್ತದೆ.

ಹಾಕುವಾಗ ಮಾತ್ರ ಪೂರ್ತಿ ಹಾಕಿ. ಮುಕ್ಕಾಲರಿಂದ ಒಂದು ಲೀಟರು, ನಿಧಾನವಾಗಿ, ಸುತ್ತಲೂ, ಕೆಳಗಿನ ತೂತಿನಿಂದ ಇಳಿಯುವವರೆಗೆ. ತಟ್ಟೆಗೆ ಬಂದ ನೀರನ್ನು ಇಪ್ಪತ್ತು ನಿಮಿಷ ಬಿಟ್ಟು ಚೆಲ್ಲಿ. ದಿನಾ ಒಂದು ಲೋಟ ಹಾಕುವ ಅಭ್ಯಾಸ ಎರಡು ಥರ ಕೆಡಿಸುತ್ತದೆ: ಮೇಲೆ ಸದಾ ಒದ್ದೆ, ತಳದಲ್ಲಿ ಒಣ. ಎಲೆಯ ಅಂಚು ತಿಳಿಗಂದಾಗಿ ಗರಿಗರಿ ಮುರಿದರೆ ಅದು ನೀರು ಸಾಲದ್ದು. ಮೆತ್ತಗಿನ ಕಡುಗಂದು ಕಲೆ ಬುಡದ ಎಲೆಯಿಂದ ಶುರುವಾದರೆ ನೀರು ಜಾಸ್ತಿಯಾದದ್ದು. ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ನಾರಿನ ಪುಡಿ ಪೂರ್ತಿ ಒಣಗಿ ಕುಂಡದ ಅಂಚು ಬಿಟ್ಟಿದ್ದರೆ ಮೇಲಿಂದ ಹಾಕಿದ ನೀರು ಪಕ್ಕದಿಂದ ಹರಿದುಹೋಗುತ್ತದೆ. ಆಗ ಕುಂಡವನ್ನೇ ಅರ್ಧ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ.

ಬೋರ್‌ವೆಲ್ ನೀರಾದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಆ ಪದರ ಕೆರೆದು ತೆಗೆದು, ಎರಡು ತಿಂಗಳಿಗೊಮ್ಮೆ ನಾಲ್ಕೈದು ಲೀಟರು ಮಳೆನೀರೋ ಬಾವಿನೀರೋ ಸುರಿದು ತೊಳೆಯಿರಿ. ಗೊಬ್ಬರಕ್ಕೆ ಅಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಸಾಕು, ಆದರೆ ತೋಟದ ಅಳತೆ ಇಲ್ಲಿ ನಡೆಯುವುದಿಲ್ಲ. ಲೀಟರಿಗೆ ಒಂದು ಗ್ರಾಂ, ಅಂದರೆ ಕಾಲು ಟೀ ಚಮಚ, ಮೊದಲೇ ಒದ್ದೆಯಿರುವ ಮಣ್ಣಿಗೆ, ಫೆಬ್ರವರಿಯಿಂದ ಮೇ ತನಕ ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಬೇಡ. ಜೀವಾಮೃತ ತೋಟಕ್ಕೆ ಹಾಕಿ, ಮನೆಯೊಳಗೆ ಹಾಕಿದರೆ ವಾಸನೆಗೆ ನೊರಜು ಮುತ್ತುತ್ತದೆ.

ಪ್ರಶ್ನೆ: ಹೊಸದಾಗಿ ಬಿಚ್ಚಿದ ಎಲೆಯ ತುಂಬ ಕುಂಕುಮ ಎರಚಿದ ಹಾಗೆ ಕೆಂಪುಗಂದು ಚುಕ್ಕೆ. ಹುಳ ಹುಡುಕಿದರೆ ಏನೂ ಇಲ್ಲ. ಬೇವಿನೆಣ್ಣೆ ಎರಡು ಸಲ ಹೊಡೆದಾಯಿತು.
— ಓದುಗರು, ಶೃಂಗೇರಿ

ಉತ್ತರ: ಹುಳ ಇಲ್ಲ, ರೋಗವೂ ಅಲ್ಲ. ಬೇರು ತಳ್ಳಿದ ನೀರಿಗೆ ಎಲೆಯಿಂದ ಹೊರಹೋಗಲು ದಾರಿಯಿಲ್ಲದಾಗ ಎಳೆ ಎಲೆಯ ಜೀವಕೋಶಗಳು ಉಬ್ಬಿ ಒಡೆಯುತ್ತವೆ. ಒಡೆದ ಜಾಗವೇ ಆ ಚುಕ್ಕೆ. ಎಲೆಯನ್ನು ಕಿಟಕಿಗೆ ಅಡ್ಡ ಹಿಡಿದರೆ ಚುಕ್ಕೆಗಳು ನರಗಳ ನಡುವೆ, ಸೂಜಿಮೊನೆಯಷ್ಟು, ಒಂದಕ್ಕೊಂದು ಸೇರದೆ ಕಾಣುತ್ತವೆ. ಎಲೆ ದೊಡ್ಡದಾದ ಹಾಗೆ ಮಾಸುತ್ತವೆ. ಒಣಗಿದ ಕುಂಡಕ್ಕೆ ಒಮ್ಮೆಗೇ ಕೊಡಗಟ್ಟಲೆ ನೀರು ಸುರಿದಾಗಲೂ ಹೀಗಾಗುತ್ತದೆ. ನೀರಿನ ಅಂತರ ಹೆಚ್ಚಿಸಿ, ಬೆಳಕಿನ ಕಡೆ ಸರಿಸಿ, ದಿನಕ್ಕೆ ಕೆಲವು ಗಂಟೆ ಫ್ಯಾನು ನಿಧಾನಕ್ಕೆ ತಿರುಗಲಿ. ಬೇವಿನೆಣ್ಣೆ ನಿಲ್ಲಿಸಿ. ಎಲೆಗೆ ನೀರು ಚಿಮುಕಿಸುವ ಪದ್ಧತಿ ಇದ್ದರೆ ಅದನ್ನೂ ನಿಲ್ಲಿಸಿ. ಆಗುಂಬೆ, ಶೃಂಗೇರಿಯ ಗಾಳಿಯಲ್ಲಿ ಅದು ತುಂಬಿದ ಕೊಡಕ್ಕೆ ನೀರು ಹೊತ್ತಂತೆ.

ಚುಕ್ಕೆಯ ಸುತ್ತ ಹಳದಿ ಬಳೆ ಇದ್ದು, ದಿನದಿಂದ ದಿನಕ್ಕೆ ಹರಡಿ ಒಂದಕ್ಕೊಂದು ಸೇರುತ್ತಿದ್ದರೆ ಮಾತ್ರ ಅದು ಬ್ಯಾಕ್ಟೀರಿಯಾ ರೋಗ. ಆಗ ಆ ಎಲೆಗಳನ್ನು ಕತ್ತರಿಸಿ ಸುಟ್ಟುಬಿಡಿ, ಬೇರೆ ಗಿಡಗಳಿಂದ ದೂರ ಇಡಿ.

ಪ್ರಶ್ನೆ: ತೂತಿಲ್ಲದ ಚೆಂದದ ಪಿಂಗಾಣಿ ಕುಂಡ ಉಡುಗೊರೆ ಬಂದಿದೆ. ತಳಕ್ಕೆ ಎರಡಿಂಚು ಜಲ್ಲಿ ಹಾಕಿದರೆ ನೀರು ಇಳಿಯುವುದಿಲ್ಲವೇ?
— ಓದುಗರು, ಭದ್ರಾವತಿ

ಉತ್ತರ: ಎಲ್ಲಿಗೆ ಇಳಿಯಬೇಕು? ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಜಾರುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲೆಯೇ ಹನಿ ಇಳಿಯುವುದು. ಹಾಗಾಗಿ ಜಲ್ಲಿ ಹಾಕಿದರೆ ಒದ್ದೆಯ ಪದರ ತಳದಿಂದ ಎರಡಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿರುವ ಕುಂಡಕ್ಕೂ ಜಲ್ಲಿ ಬೇಡ, ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಪಿಂಗಾಣಿಯನ್ನು ಹೊರಕವಚ ಮಾಡಿಕೊಳ್ಳಿ: ಗಿಡ ಪ್ಲಾಸ್ಟಿಕ್ ಕುಂಡದಲ್ಲಿರಲಿ, ನೀರು ಹಾಕುವಾಗ ಹೊರತೆಗೆದು ಬಚ್ಚಲಲ್ಲಿಟ್ಟು ಹಾಕಿ, ಸೋರಿ ನಿಂತ ಮೇಲೆ ವಾಪಸ್ ಇಡಿ. ಭದ್ರಾವತಿ, ಶಿವಮೊಗ್ಗದ ಬೇಸಿಗೆಗೆ ಪ್ಲಾಸ್ಟಿಕ್ ಸರಿ. ಘಟ್ಟದ ಕಡೆ ಮಣ್ಣಿನ ಕುಂಡ ಮೈಯಿಂದಲೂ ಆರುತ್ತದಾದ್ದರಿಂದ ಅದೇ ಮೇಲು.

ಪ್ರಶ್ನೆ: ಗಿಡದ ತುದಿಯಲ್ಲಿ ಕಂದುಬಣ್ಣದ ಒಣ ಪೊರೆ. ಚಿಗುರು ಸತ್ತಿತೇ? ಕೀಳಲೇ?
— ಓದುಗರು, ಕೊಪ್ಪ

ಉತ್ತರ: ಕೀಳಬೇಡಿ. ಚಿಗುರಿನ ಕವಚ ಅದು. ಹಲಸಿನ ಚಿಗುರಿಗೂ, ಆಲದ ಚಿಗುರಿಗೂ ಇರುತ್ತದೆ, ನೋಡಿ. ಎಲೆ ಬಿಚ್ಚಿಕೊಂಡಾಗ ತಾನೇ ಉದುರುತ್ತದೆ. ಬಲವಂತವಾಗಿ ಸುಲಿದರೆ ಒಳಗಿನ ಎಳೆ ಎಲೆ ಗಾಯವಾಗಿ ಮುರುಟುತ್ತದೆ.

ಪ್ರಶ್ನೆ: ನೆಂಟರ ಮನೆಯ ಗಿಡದ ಒಂದು ಎಲೆ ತಂದು ನೀರಲ್ಲಿಟ್ಟೆ. ಬೇರು ಬಂತು, ಕುಂಡಕ್ಕೂ ಹಾಕಿದೆ. ವರ್ಷವಾದರೂ ಎಲೆ ಹಸಿರಾಗೇ ಇದೆ, ಚಿಗುರು ಮಾತ್ರ ಇಲ್ಲ. ಇನ್ನೆಷ್ಟು ದಿನ ಕಾಯಬೇಕು?
— ಓದುಗರು, ರಿಪ್ಪನ್‌ಪೇಟೆ

ಉತ್ತರ: ಕಾಯಬೇಡಿ, ಬರುವುದಿಲ್ಲ. ಚಿಗುರೊಡೆಯುವ ಮೊಗ್ಗು ಇರುವುದು ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಗೆಣ್ಣಿನಲ್ಲಿ. ಬರೀ ಎಲೆಗೆ ಬೇರು ಬಂದರೂ ಅದು ಬೇರಿರುವ ಎಲೆಯಾಗಿಯೇ ಉಳಿಯುತ್ತದೆ. ಮತ್ತೆ ನೆಂಟರ ಮನೆಗೆ ಹೋದಾಗ ಗೂಟಿ ಕಟ್ಟಿ ಬನ್ನಿ, ನಿಂಬೆ ಪೇರಲೆಗೆ ಕಟ್ಟುವ ಹಾಗೆಯೇ. ಮೃಗಶಿರ, ಆರಿದ್ರಾ ಮಳೆಯ ಕಾಲ ಇದಕ್ಕೆ ಹೇಳಿದ್ದು.

ಪೆನ್ಸಿಲ್ ದಪ್ಪದ ಕಾಂಡದಲ್ಲಿ, ತುದಿಯಿಂದ ಒಂದಡಿ ಕೆಳಗೆ, ಗೆಣ್ಣಿನ ತುಸು ಕೆಳಭಾಗದಲ್ಲಿ ಒಂದಿಂಚು ಅಗಲಕ್ಕೆ ತೊಗಟೆಯನ್ನು ಸುತ್ತಲೂ ಬಿಡಿಸಿ. ಬಿಳಿ ಸೊನೆ ಒಸರುತ್ತದೆ; ಒದ್ದೆ ಬಟ್ಟೆಯಿಂದ ಒರೆಸಿ, ನಿಲ್ಲುವವರೆಗೆ ಹತ್ತು ನಿಮಿಷ ಕಾಯಿರಿ. ತೊಗಟೆ ತೆಗೆದ ಜಾಗದಲ್ಲಿ ಜಾರುವ ಹಸಿರು ಪೊರೆ ಉಳಿದಿರುತ್ತದೆ. ಚಾಕುವಿನ ಬೆನ್ನಿಂದ ಅದನ್ನು ಕೆರೆಯದಿದ್ದರೆ ಗಾಯ ಕೂಡಿಕೊಂಡು ಬೇರು ಬರುವುದಿಲ್ಲ. ಗೂಟಿ ಸೋಲುವುದು ಹೆಚ್ಚಾಗಿ ಇಲ್ಲೇ. ಮೇಲಂಚಿಗೆ ಬೇರು ಬರಿಸುವ ಪುಡಿ ಸವರಿ, ನೆನೆಸಿ ಗಟ್ಟಿಯಾಗಿ ಹಿಂಡಿದ ತೆಂಗಿನ ನಾರು ಅಥವಾ ಪಾಚಿಯನ್ನು ನಿಂಬೆಹಣ್ಣಿನ ಎರಡರಷ್ಟು ಗಾತ್ರಕ್ಕೆ ಸುತ್ತಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿ. ಆರರಿಂದ ಎಂಟು ವಾರಕ್ಕೆ ಹಾಳೆಯ ಒಳಗೆ ಬಿಳಿ ಬೇರು ಕಾಣುತ್ತದೆ. ಮೊದಲ ಬೇರು ಕಂಡ ದಿನವೇ ಕತ್ತರಿಸಬೇಡಿ, ಬೇರು ಕವಲೊಡೆದು ಉಂಡೆ ತುಂಬಲಿ. ಕತ್ತರಿಸಿ ಆರಿಂಚಿನ ಕುಂಡಕ್ಕೆ ನೆಟ್ಟ ಮೇಲೆ ಮೂರು ವಾರ ನೇರ ಬಿಸಿಲು ಬೇಡ. ನೆಂಟರಿಗೂ ನಷ್ಟವಿಲ್ಲ, ಕತ್ತರಿಸಿದ ಕೆಳಗಿನಿಂದ ಎರಡು ಕವಲು ಒಡೆಯುತ್ತದೆ.

ಪ್ರಶ್ನೆ: ಗಿಡ ಒಂದೇ ಕಡ್ಡಿಯಾಗಿ ಎರಡೂವರೆ ಅಡಿ ಹೋಗಿದೆ. ಕವಲು ಬರಿಸುವುದು ಹೇಗೆ?
— ಓದುಗರು, ಶಿಕಾರಿಪುರ

ಉತ್ತರ: ಹೋಳಿ ಹುಣ್ಣಿಮೆಯಿಂದ ಯುಗಾದಿಯೊಳಗೆ ತುದಿಯ ಒಂದಿಂಚು ಕತ್ತರಿಸಿ. ಮೂರು ನಾಲ್ಕು ವಾರದಲ್ಲಿ ಅದರ ಕೆಳಗಿನ ಎರಡು ಮೂರು ಗೆಣ್ಣು ಉಬ್ಬುತ್ತವೆ. ಎತ್ತರ ಹಾಗೇ ಇರಬೇಕು, ನಡುವೆ ಕವಲು ಬೇಕು ಅಂದರೆ ಬೇಕಾದ ಗೆಣ್ಣಿನ ಕಾಲಿಂಚು ಮೇಲೆ, ಕಾಂಡದ ದಪ್ಪದ ಮೂರನೇ ಒಂದು ಪಾಲಿನಷ್ಟು ಆಳಕ್ಕೆ ಓರೆಯಾಗಿ ಕಚ್ಚು ಹಾಕಿ. ತುದಿಯಿಂದ ಇಳಿಯುವ ‘ನೀನು ಸುಮ್ಮನಿರು’ ಎನ್ನುವ ರಸಾಯನ ಅಲ್ಲಿ ತಡೆದು ಆ ಮೊಗ್ಗು ಎಚ್ಚರಾಗುತ್ತದೆ. ಹಾಕಿದ ಕಚ್ಚೆಲ್ಲ ಒಡೆಯುವುದಿಲ್ಲ, ಮೂರು ಕಡೆ ಹಾಕಿದರೆ ಒಂದೆರಡು ಬಂದಾವು. ಸೊರಗಿದ ಗಿಡಕ್ಕೆ, ಮಳೆಗಾಲದಲ್ಲಿ ಈ ಕೆಲಸ ಬೇಡ. ಒಂದೇ ಪಕ್ಕಕ್ಕೆ ವಾಲದಂತೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಿರಿ.

ಪ್ರಶ್ನೆ: ನಮ್ಮದು ಸಣ್ಣ ಎಲೆಯ ಫೈಕಸ್, ಬೆಂಜಮಿನಾ ಅಂತ ಚೀಟಿ ಇತ್ತು. ಎಲೆಗಳು ನಡುನರದ ಗುಂಟ ಮಡಿಸಿಕೊಂಡು ಮುಚ್ಚಿದ ಪುಸ್ತಕದ ಹಾಗಾಗಿವೆ. ಔಷಧಿ ಹೊಡೆದರೂ ಹೋಗುತ್ತಿಲ್ಲ.
— ಓದುಗರು, ಶಿವಮೊಗ್ಗ

ಉತ್ತರ: ಒಂದು ಎಲೆಯನ್ನು ಬಿಳಿ ಕಾಗದದ ಮೇಲೆ ಬಿಡಿಸಿ. ಎಳ್ಳಿನ ಚೂರಿನಷ್ಟು ಕಪ್ಪು ಕೀಟಗಳು ಓಡಾಡುತ್ತವೆ, ಜೊತೆಗೆ ತಿಳಿಹಳದಿ ಮರಿಗಳು, ಮೊಟ್ಟೆಗಳು. ಅತ್ತಿ ಕುಲಕ್ಕೇ ಮೀಸಲಾದ ಥ್ರಿಪ್ಸ್ ನುಸಿ. ಮೊದಲು ರಸ ಹೀರುತ್ತದೆ, ಎಲೆ ಮಡಿಸಿಕೊಳ್ಳುತ್ತದೆ, ಅದರೊಳಗೇ ಸಂಸಾರ. ಮುಚ್ಚಿದ ಮನೆಯ ಮಾಡಿಗೆ ಔಷಧಿ ಹೊಡೆದರೆ ಒಳಗಿದ್ದವರಿಗೆ ಏನಾಗುತ್ತದೆ? ಮಡಿಸಿದ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗಿಡಿ. ಆಮೇಲೆ ಉಳಿದ ಎಲೆಗಳಿಗೆ, ಮುಖ್ಯವಾಗಿ ಹೊಸ ಚಿಗುರಿಗೆ, ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ಪಾತ್ರೆ ತೊಳೆಯುವ ದ್ರವ ಕಲಕಿ ಸಂಜೆ ಹೊಡೆಯಿರಿ. ವಾರಕ್ಕೊಮ್ಮೆ, ಮೂರು ಸಲ.

ಇದೇ ದ್ರಾವಣ ಬ್ಯಾಂಬಿನೊಗೆ ಬರುವ ಹಿಟ್ಟು ತಿಗಣೆಗೂ ಆಗುತ್ತದೆ. ಅದು ಎಲೆತೊಟ್ಟಿನ ಸಂದಿಯಲ್ಲಿ ಹತ್ತಿಯ ಹಾಗೆ ಕೂತಿರುತ್ತದೆ. ಮೊದಲು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಹೊಡೆಯಿರಿ. ಕುಂಡಕ್ಕೆ ಇರುವೆ ಸಾಲು ಹತ್ತಿದೆ ಎಂದರೆ ಮೇಲೆ ತಿಗಣೆಯೋ ಶಲ್ಕ ಕೀಟವೋ ಇದೆ ಎಂದೇ ಹುಡುಕಿ.

ಪ್ರಶ್ನೆ: ಅತ್ತಿ ಜಾತಿ ಅಂತೀರಿ, ಹಣ್ಣು ಬಿಡುತ್ತದೆಯೇ?
— ಓದುಗರು, ಸೊರಬ

ಉತ್ತರ: ಮನೆಯೊಳಗೆ ಇಲ್ಲ. ತಿನ್ನುವ ಅಂಜೂರ ಇದರ ದಾಯಾದಿ ಮಾತ್ರ. ಅದಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಬಳ್ಳಾರಿ ಕಡೆಯ ಒಣಹವೆ ಅದಕ್ಕೆ ಹೊಂದುತ್ತದೆ. ನಮ್ಮ ಮಳೆಗೆ ಎಲೆಗೆ ತುಕ್ಕು ರೋಗ ಹತ್ತಿ ಬೋಳಾಗುತ್ತದೆ.

ಪ್ರಶ್ನೆ: ಹಾಲು ಬರುವ ಗಿಡ ಮನೆಯೊಳಗೆ ಇಡಬಾರದು ಅಂತ ಅತ್ತೆಯವರು ಹೇಳುತ್ತಾರೆ. ಎರಡು ವರ್ಷದ ಮಗು, ಒಂದು ಬೆಕ್ಕು ಇದೆ. ನಿಜಕ್ಕೂ ಅಪಾಯವೇ ಮೇಡಂ?
— ಓದುಗರು, ಸಾಗರ

ಉತ್ತರ: ವಾಸ್ತು ನಮ್ಮ ಅಂಕಣದ ವಿಷಯವಲ್ಲ. ಆದರೆ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಎರಡು ಕಾರಣಕ್ಕೆ. ಒಂದು, ಆಲ ಅರಳಿಗಳ ಬೇರು ಗೋಡೆ ಸೀಳುವುದನ್ನು ಹಿರಿಯರು ಕಣ್ಣಾರೆ ಕಂಡವರು. ಇದೂ ಅದೇ ಕುಲ. ಕುಂಡದಲ್ಲಿರುವಾಗ ಭಯವಿಲ್ಲ, ಬೇಸರವಾಯಿತೆಂದು ಮನೆಯ ಪಕ್ಕದ ನೆಲಕ್ಕೋ ಬಾವಿಕಟ್ಟೆಯ ಹತ್ತಿರವೋ ನೆಟ್ಟುಬಿಡಬೇಡಿ. ಎರಡನೆಯದು ಸೊನೆ. ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಕೆಂಪು ದದ್ದು. ಎಲೆ ಜಗಿದರೆ ಮಗುವಿಗೂ ಬೆಕ್ಕಿಗೂ ಬಾಯುರಿ, ಜೊಲ್ಲು, ವಾಂತಿ ಆಗಬಹುದು. ಬಾಯಿ ತೊಳೆಸಿ ನೀರು ಕುಡಿಸಿ. ತುಟಿ ಊದಿಕೊಂಡರೆ, ಕಣ್ಣಿಗೆ ಸಿಡಿದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಕುಂಡವನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿ, ಎಳೆದರೆ ಉರುಳದಂತೆ ಇಡಿ.

ಎಲೆ ಕತ್ತರಿಸುವ ದಿನ ಕೈಗವಸು ಹಾಕಿ, ಕೆಳಗೆ ಹಳೆಯ ಪತ್ರಿಕೆ ಹಾಸಿ. ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಹನಿ ಒಣಗಿದರೆ ಕಪ್ಪು ಕಲೆಯಾಗಿ ಕೂರುತ್ತದೆ, ಹಸಿಯಿರುವಾಗಲೇ ತಣ್ಣೀರಲ್ಲಿ ಒರೆಸಿ. ಕೈಗೆ ಅಂಟಿ ಒಣಗಿದ್ದಕ್ಕೆ ಹಲಸಿನ ಮೇಣಕ್ಕೆ ಮಾಡುವ ಉಪಾಯವೇ: ನಾಲ್ಕು ಹನಿ ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು.